ಇಪ್ಪತ್ತೊಂದನೆಯ ಹತ್ತಿಕಡ್ಡಿ

ಫೆಬ್ರವರಿ 6

ನನ್ನ ಮೆಣಸಿನಕಾಯಿಗೆ,

ನೀನು ಕಳಿಸಿದ ಡಬ್ಬಿ ಮೊನ್ನೆ ಬಂತು. ಕೆಲಸಕ್ಕೆ ಸೇರಿ ಇಷ್ಟು ವರ್ಷವಾದ ಮೇಲೆ ತಮ್ಮ ಅಕ್ಕನಿಗೆ ಏನೋ ಕಳಿಸಿದ್ದಾನೆ ಅಂತ ಅಂಚೆಯವನ ಮುಂದೆಯೇ ಬಿಚ್ಚಿದೆ. ನೋಡಿದರೆ ಹಂದಿಮರಿಗಳ ಮೂಗಿಗೆ ತುರುಕುವ ಹತ್ತಿಕಡ್ಡಿ. ನನ್ನ ಮರ್ಯಾದೆ ಮೂರು ಕಾಸಿಗೆ ಹೋಯಿತು.

ಆದರೂ ನೀನು ಹೇಳಿದಂತೆಯೇ ಮಾಡಿದ್ದೇವೆ. ತಾಯಿ ಹಾಲು ಬಿಡಿಸಿದ ಇಪ್ಪತ್ತು ಮರಿಗಳು, ಒಂದೊಂದಕ್ಕೂ ಒಂದು ಕಡ್ಡಿ. ನಿನ್ನ ಭಾವ ಮರಿಯನ್ನು ಕಂಕುಳಲ್ಲಿ ಅವುಚಿಕೊಂಡರು, ನಾನು ಮೂಗಿನೊಳಗೆ ಕಡ್ಡಿ ತಿರುಗಿಸಿದೆ. ಆ ಕಿರುಚಾಟಕ್ಕೆ ಪಕ್ಕದ ಫಾರಂನವರು ಏನಾಯಿತು ಅಂತ ಬೇಲಿಗೆ ಬಂದು ನಿಂತರು. ಒಂದರಿಂದ ಇಪ್ಪತ್ತು ಅಂತ ನಂಬರು ಬರೆದಿದ್ದೇನೆ. ಒಂದು ಕಡ್ಡಿ ಉಳಿದಿತ್ತು. ಸುಮ್ಮನೆ ಯಾಕೆ ಹಾಳು ಮಾಡುವುದು ಅಂತ ಇಪ್ಪತ್ತೊಂದನೆಯದನ್ನು ನಮ್ಮ ದೊಡ್ಡ ಹಂದಿಯ ಮೂಗಿಗೆ ಹಾಕಿದೆ. ಅದು ಮೂರು ಸಲ ಸೀನಿ, ನನ್ನನ್ನು ಗುರಾಯಿಸಿ, ಆಮೇಲೆ ಎಲ್ಲೋ ಬಿದ್ದ ಕನ್ನಡಕ ಹುಡುಕಿಕೊಂಡು ಹೋಯಿತು. ಅದರದ್ದೂ ನೋಡಿ ಹೇಳು.

ಆರು ಫಾರಂಗಳ ಮಾದರಿ ಬಂದಿದೆ, ಎಲ್ಲರೂ ಔಷಧಿ ಸುರಿಯುವವರೇ, ಹೋಲಿಸಿ ನೋಡಲು ಒಂದು ಶುದ್ಧವಾದ ಫಾರಂ ಬೇಕು, ಅದು ನಿನ್ನದೇ ಆಗಬೇಕು ಅಂತ ಬರೆದಿದ್ದೆಯಲ್ಲ, ಆ ಸಾಲನ್ನು ನಿನ್ನ ಭಾವನಿಗೆ ಎರಡು ಸಲ ಓದಿ ಹೇಳಿದೆ.  ಅವರು ಊಟವಾದ ಮೇಲೆ ಬ್ರಶ್ಶು ಹಿಡಿದುಕೊಂಡು ಹೋಗಿ ಗೇಟಿನ ಬೋರ್ಡಿಗೆ ಹೊಸ ಬಣ್ಣ ಹಚ್ಚಿದರು. 'ಇಲ್ಲಿಯ ಪ್ರಾಣಿಗಳಿಗೆ ಆಂಟಿಬಯಾಟಿಕ್ ಕೊಡುವುದಿಲ್ಲ.' ನಾಲ್ಕು ವರ್ಷವಾಯಿತು ಕಣೋ. ಒಂದು ಮಾತ್ರೆ ಇಲ್ಲ, ಒಂದು ಸೂಜಿ ಇಲ್ಲ.

ನಿನ್ನೆ ಕಪ್ಪು ಹಂದಿಗೆ ಮರಿ ಅಡ್ಡ ಸಿಕ್ಕಿಕೊಂಡಿತ್ತು. ಇವರು ಕೈಗೆ ಎಣ್ಣೆ ಸವರಿಕೊಂಡು ಮೊಣಕೈವರೆಗೆ ಒಳಗೆ ಹಾಕಿ, ಕಣ್ಣು ಮುಚ್ಚಿಕೊಂಡು, ಮರಿಯನ್ನು ತಿರುಗಿಸಿ ಎಳೆದರು. ಒಂಬತ್ತೂ ಬದುಕಿದವು. ಮದುವೆಗೆ ಮುಂಚೆ ಇವರನ್ನು ಮೊದಲ ಸಲ ನೋಡಿದ ದಿನ ಅಪ್ಪ 'ಇದೇನು ಕೈಯೋ, ಚಮಚವೋ' ಅಂದಿದ್ದರು, ನೆನಪಿದೆಯಾ? ಆ ಚಮಚವೇ ಈಗ ನಮ್ಮ ಅನ್ನ.

ಫೋನು ಮಾಡಬೇಡ. ಮಾಡಿದರೆ ಜಗಳವಾಗುತ್ತದೆ. ಕಾಗದ ಬರಿ.

ನಿನ್ನ ಅಕ್ಕ


ಫೆಬ್ರವರಿ 21

ಅಕ್ಕಾ,

ಕುಶಲ ಕೇಳುವಷ್ಟು ತಾಳ್ಮೆ ಇಲ್ಲ. ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ನೀನು ಮರಿಗಳಿಗೆ ಏನು ಕೊಡುತ್ತಿದ್ದೀಯ?

ನಾವು ಮಾಡುವುದು ಇಷ್ಟು. ಮೂಗಿನಿಂದ ಬಂದ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯ ಮೇಲೆ ಹರಡುತ್ತೇವೆ. ಅದರ ಮೇಲೆ ಅಂಗಿಯ ಗುಂಡಿಯಷ್ಟು ಚಿಕ್ಕ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಔಷಧಿ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಬೋಳು ಉಂಗುರ ಮೂಡುತ್ತದೆ. ಬೆಳಿಗ್ಗೆ ಬಂದು ಆ ಉಂಗುರವನ್ನು ಅಳತೆಪಟ್ಟಿ ಇಟ್ಟು ಅಳೆಯುವುದು ನನ್ನ ಕೆಲಸ.

ನಿನ್ನ ತಟ್ಟೆಗಳಲ್ಲಿ ಅಳೆಯಲು ಏನೂ ಇರಲಿಲ್ಲ. ಬಿಲ್ಲೆಯ ಅಂಚಿನವರೆಗೆ ಹುಲುಸಾಗಿ ಬೆಳೆದುಕೊಂಡಿತ್ತು. ತಟ್ಟೆ ಅದಲುಬದಲಾಗಿದೆ ಅಂದುಕೊಂಡೆ. ಬಿಲ್ಲೆಗಳು ಹಳೆಯವು ಅಂದುಕೊಂಡೆ. ಹೊಸ ಡಬ್ಬಿ ಒಡೆದು ಮೊದಲಿನಿಂದ ಮಾಡಿದೆ. ಅದೇ. ಇಪ್ಪತ್ತು ಮರಿಗಳಲ್ಲಿ ಹದಿನೇಳರಲ್ಲಿ. ಔಷಧಿ ಸುರಿಯುವ ಆ ಆರು ಫಾರಂಗಳಿವೆಯಲ್ಲ, ಅವುಗಳಲ್ಲಿ ಅತಿ ಕೆಟ್ಟದ್ದರಲ್ಲೂ ಒಂಬತ್ತು ಮಾತ್ರ.

ಎಲ್ಲಕ್ಕಿಂತ ಭಯಂಕರ ಆ ಇಪ್ಪತ್ತೊಂದನೆಯದು, ನಿನ್ನ ದೊಡ್ಡ ಹಂದಿ. ಅದರ ಮೂಗಿನಲ್ಲಿ ಇದು ಗೂಡು ಕಟ್ಟಿಕೊಂಡು ಕೂತಿದೆ. ಹದಿನಾಲ್ಕು ಔಷಧಿ ಇಟ್ಟೆ. ಹನ್ನೆರಡಕ್ಕೆ ಅದು ಸೊಪ್ಪು ಹಾಕಲಿಲ್ಲ. ಅದನ್ನು ಮರಿಗಳಿಂದ ದೂರ ಕಟ್ಟು. ನೀವಿಬ್ಬರೂ ಅದರ ಹತ್ತಿರ ಸುಳಿಯಬೇಡಿ.

ನಮ್ಮ ಪ್ರಯೋಗಾಲಯದ ಮೇಡಂ ಮುಂದೆ ನಿನ್ನ ಬೋರ್ಡಿನ ಫೋಟೋ ತೋರಿಸಿ ಹೆಮ್ಮೆಪಟ್ಟವನು ನಾನು. ಅವರು ತಟ್ಟೆ ನೋಡಿ, ಬೋರ್ಡು ನೋಡಿ, ಫೋಟೋವನ್ನು ಮಗುಚಿ ಮೇಜಿನ ಮೇಲಿಟ್ಟು ಹೋದರು. ಬೈದಿದ್ದರೂ ಇಷ್ಟು ಅವಮಾನವಾಗುತ್ತಿರಲಿಲ್ಲ. ಕದ್ದುಮುಚ್ಚಿ ಔಷಧಿ ಹಾಕುತ್ತಿದ್ದರೆ ಈಗಲೇ ಹೇಳಿಬಿಡು.

ತಮ್ಮ


ಫೆಬ್ರವರಿ 27

ತಮ್ಮನಿಗೆ,

ಮೆಣಸಿನಕಾಯಿ ಅಂತ ಬರೆಯಲು ಇವತ್ತು ಮನಸ್ಸಿಲ್ಲ.

ಕದ್ದುಮುಚ್ಚಿ ಅಂದೆಯಲ್ಲ, ಆ ಮಾತು ನನ್ನ ಎದೆಗೆ ನಾಟಿದೆ. ನಾಲ್ಕು ವರ್ಷದ ಹಿಂದೆ ಔಷಧಿ ನಿಲ್ಲಿಸು ಅಂತ ಉಪದೇಶ ಮಾಡಿ ಕಾಗದ ಬರೆದವನು ಯಾರು? ಆಗ ನೀನು ಬರೆದ ಇನ್ನೊಂದು ಕಾಗದ ಈಗಲೂ ಫೀಡ್ ಕೋಣೆಯ ಗೋಡೆಯ ಮೇಲಿದೆ. ನೀರು ತಾಗದಿರಲಿ ಅಂತ ಮೇಲೆ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದೇನೆ. ಅವತ್ತು ಇದ್ದಬದ್ದ ಸೀಸೆಗಳನ್ನೆಲ್ಲ ಇವರು ಪಶುವೈದ್ಯರಿಗೆ ವಾಪಸು ಕೊಟ್ಟು ಬಂದರು. ಆ ವರ್ಷ ಭೇದಿ ಬಂದು ಮರಿಗಳು ಸಾಲುಸಾಲಾಗಿ ಮಲಗಿದವು. ನಿನ್ನ ಭಾವ ಒಂದೊಂದನ್ನೂ ಮಡಿಲಲ್ಲಿಟ್ಟುಕೊಂಡು ನೀರು ಕುಡಿಸಿದರು. ಆಗಲೂ ಮಾತ್ರೆ ತರಲಿಲ್ಲ. ಆಮೇಲೆ ಫೀಡಿಗೆ ಜಿಂಕ್ ಪುಡಿ ಹಾಕಲು ಶುರುಮಾಡಿದ ಮೇಲೆಯೇ ಭೇದಿ ನಿಂತಿದ್ದು. ಬೇಕಾದರೆ ಬಂದು ಮನೆ ಶೋಧಿಸು. ಹಾಸಿಗೆ ಎತ್ತಿ ನೋಡು.

ಏನು ಕೊಡುತ್ತೀಯ ಅಂತ ಕೇಳಿದೆ. ಬರೆದುಕೋ. ಇನ್ನೂರು ಕಿಲೋ ಫೀಡಿಗೆ ಜೋಳದ ನುಚ್ಚು, ಸೋಯಾ ಹಿಂಡಿ, ಸ್ವಲ್ಪ ಮೀನಿನ ಪುಡಿ, ಉಪ್ಪು, ಜಿಂಕ್ ಪುಡಿ ಮೂರು ಹಿಡಿ. ಕಲೆಸುವವರು ನಿನ್ನ ಭಾವ. ಇಷ್ಟೇ. ಇದರಲ್ಲಿ ಯಾವುದು ಕಳ್ಳಮಾಲು ಅಂತ ನಿನ್ನ ಮೇಡಂ ಹೇಳಲಿ.

ಒಂದು ವಿಷಯ ಕೇಳಬೇಕು. ಆ ದೊಡ್ಡ ಹಂದಿ ಚೆನ್ನಾಗಿಯೇ ಇದೆ. ಉಣ್ಣುತ್ತದೆ, ಮಲಗುತ್ತದೆ, ಕೆಮ್ಮು ಕೂಡ ಇಲ್ಲ. ಮೂಗಿನಲ್ಲಿ ಇರುವುದು ಮೂಗಿನಲ್ಲೇ ಇರುತ್ತದೋ, ಅಥವಾ ಮುಂದೆ ಏನಾದರೂ ಮಾಡುತ್ತದೋ? ದೂರ ಕಟ್ಟು ಅಂತ ಬರೆದಿದ್ದೀಯ. ಅದನ್ನು ದೂರ ಕಟ್ಟುವುದು ಅಷ್ಟು ಸುಲಭವಲ್ಲ.

ಅಕ್ಕ


ಮಾರ್ಚ್ 6

ಅಕ್ಕಾ,

ಸರಿ, ತಪ್ಪಾಯಿತು. ನೀನು ಕದ್ದುಮುಚ್ಚಿ ಮಾಡುವವಳಲ್ಲ. ಮಾಡಿದ್ದರೆ ಇಷ್ಟು ಜೋರಾಗಿ ಬೈಯುತ್ತಿರಲಿಲ್ಲ.

ಆದರೆ ಔಷಧಿಯೇ ಕೊಡದ ಕಡೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬಂದಿದ್ದಾದರೂ ಹೇಗೆ? ತಲೆ ಕೆಟ್ಟುಹೋಗಿದೆ. ನಿನ್ನ ಪಟ್ಟಿಯನ್ನು ಮೇಡಂಗೆ ತೋರಿಸಿದೆ. ಅವರು ಬೇರೇನೂ ನೋಡಲಿಲ್ಲ. ಜಿಂಕ್ ಪುಡಿಯ ಮೇಲೆ ಬೆರಳಿಟ್ಟು 'ಮೂರು ಹಿಡಿ ಅಂದ್ರೆ ಎಷ್ಟು?' ಅಂದರು. ನನಗೆ ನಗು ಬಂತು. ಜಿಂಕ್ ಅಂದರೆ ಬರೀ ಸತು. ಸತು ಎಲ್ಲಿ, ಆಂಟಿಬಯಾಟಿಕ್ ಎಲ್ಲಿ. ಆದರೂ ಅವರ ಮಾತಿಗೆ ಬೆಲೆ ಕೊಟ್ಟು ತೂಗಿ ನೋಡಿದೆವು. ಕಲೆಸುವವರು ಭಾವ, ಭಾವನ ಕೈಯ ಅಳತೆ ನನಗೆ ಗೊತ್ತು. ಇಲ್ಲಿ ಅಷ್ಟು ಚಿಕ್ಕ ಕೈ ಇರುವುದು ಮೇಡಂ ಒಬ್ಬರದೇ. ಅವರಿಂದಲೇ ಒಂದು ಹಿಡಿ ತೆಗೆಸಿ ತಕ್ಕಡಿಗೆ ಹಾಕಿಸಿದೆ. ನಲವತ್ತು ಗ್ರಾಂ. ಮೂರು ಹಿಡಿಗೆ ನೂರಿಪ್ಪತ್ತು. ಇನ್ನೂರು ಕಿಲೋ ಫೀಡಿಗೆ ಅದು ಹೆದರುವಷ್ಟು ಲೆಕ್ಕವೇ ಅಲ್ಲ. ಮೇಡಂ ಕೂಡ ಹಾಗಾದರೆ ಇರಲಿಕ್ಕಿಲ್ಲ ಅಂದರು. ಆದ್ದರಿಂದ ಪುಡಿಯನ್ನು ಮರೆತುಬಿಡು. ಹಿಂಡಿ ಮಾರುವವನ ಮೇಲೆ ನನಗೆ ಗುಮಾನಿ. ಒಂದು ಚೀಲದ ಮಾದರಿ ಕಳಿಸು.

ದೊಡ್ಡ ಹಂದಿಯ ಬಗ್ಗೆ: ಮೂಗಿನಲ್ಲಿ ಇರುವವರೆಗೆ ತೊಂದರೆ ಇಲ್ಲ. ಚರ್ಮ ಸೀಳಿ ಒಳಗೆ ಹೋದರೆ ಮಾತ್ರ ಕಷ್ಟ. ಅಷ್ಟು ಪ್ರೀತಿಯೇನು ಆ ಹಂದಿಯ ಮೇಲೆ?

ಭಾವನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಮೆಣಸಿನಕಾಯಿ


ಮಾರ್ಚ್ 10

ಮೆಣಸಿನಕಾಯಿಗೆ,

ಹಿಂಡಿಯ ಮಾದರಿ ಇದರ ಜೊತೆ ಇದೆ.

ದೊಡ್ಡ ಹಂದಿಯ ಮುಂಗಾಲಿಗೆ ಗಾಯವಾಗಿದೆ. ತಾಯಿ ಹಂದಿಯ ಪಂಜರದ ಕಂಬಿ ತರಚಿದ್ದು. ಮೊದಲು ಉಗುರು ಗೀರಿದಷ್ಟೇ ಇತ್ತು. ಅದು ಏನಿಲ್ಲ ಏನಿಲ್ಲ ಅಂತ ಆರು ದಿನ ಕೆಲಸ ಮಾಡಿಕೊಂಡೇ ಇತ್ತು. ಈಗ ಎರಡು ಬೆರಳು ಊದಿ ಮಿರಮಿರ ಮಿಂಚುತ್ತಿವೆ. ಇಲ್ಲಿಯ ಡಾಕ್ಟರು ಮಾತ್ರೆ ಕೊಟ್ಟರು, ಇಳಿಯಲಿಲ್ಲ. ನಿನ್ನೆ ಬೇರೆ ಮಾತ್ರೆ ಕೊಟ್ಟಿದ್ದಾರೆ.

ಆ ಹನ್ನೆರಡು ಔಷಧಿ ಕೆಲಸ ಮಾಡಲಿಲ್ಲ ಅಂದೆಯಲ್ಲ. ಉಳಿದ ಎರಡು ಯಾವುವು? ಹೆಸರು ಬರೆದು ಕಳಿಸು. ದೊಡ್ಡ ಅಕ್ಷರದಲ್ಲಿ ಬರಿ, ಡಾಕ್ಟರಿಗೆ ತೋರಿಸಬೇಕು.

ಬೇರೇನೂ ಕೇಳಬೇಡ. ಹೇಳಬಾರದು ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ.

ಅಕ್ಕ


ಮಾರ್ಚ್ 15

ಅಕ್ಕಾ,

ನಿನ್ನ ಹಿಂಡಿಯಲ್ಲಿ ಏನೂ ಇಲ್ಲ. ಶುದ್ಧ. ನಾನು ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತೆ.

ಹಂದಿಯ ವಿಷಯದಲ್ಲಿ ಮನಸ್ಸು ಗಟ್ಟಿಮಾಡಿಕೋ. ಆ ಎರಡು ಔಷಧಿಗಳನ್ನು ಪ್ರಾಣಿಗಳಿಗೆ ಕೊಡುವ ಹಾಗಿಲ್ಲ. ಮನುಷ್ಯರಿಗೆ ಬೇರೆ ದಾರಿಯೇ ಇಲ್ಲದಾಗ ಕೊಡಲು ಬೀಗ ಹಾಕಿ ಇಟ್ಟಿರುವಂಥವು. ಯಾವ ಡಾಕ್ಟರೂ ನಿನ್ನ ಹಂದಿಗೆ ಬರೆದುಕೊಡುವುದಿಲ್ಲ, ನಾನೂ ಹೆಸರು ಹೇಳುವುದಿಲ್ಲ. ಊತ ಮೇಲಕ್ಕೆ ಏರಿದರೆ ರಕ್ತಕ್ಕೆ ಇಳಿಯುತ್ತದೆ, ಆಮೇಲೆ ಉಳಿಯುವುದಿಲ್ಲ. ಅದಕ್ಕೂ ಹಿಂಸೆ, ನಿನಗೂ ಹಿಂಸೆ. ವಯಸ್ಸಾದ ಹಂದಿ ಅಂತ ಕಾಣುತ್ತದೆ. ಪಶುವೈದ್ಯರನ್ನು ಕರೆಸಿ ಒಂದು ಸೂಜಿಯಲ್ಲಿ ಮುಗಿಸಿಬಿಡು. ಆಮೇಲೆ ಸುಣ್ಣ ಸುರಿದು ಆಳವಾಗಿ ಹೂಳಿಸು.

ಡಾಕ್ಟರು ಹಂದಿಗೆ ಮಾತ್ರೆ ಕೊಟ್ಟರು ಅಂತ ಬರೆದಿದ್ದೀಯ. ಅದರ ಗೊರಸಿಗೆ ಬೆರಳು ಅಂತ ಬರೆದಿದ್ದೀಯ. ಪ್ರೀತಿ ಜಾಸ್ತಿಯಾಗಿ ನಿನಗೆ ಅದು ಮನುಷ್ಯನ ಹಾಗೆ ಕಾಣಿಸುತ್ತಿದೆ. ಸ್ವಲ್ಪ ವಿಶ್ರಾಂತಿ ತಗೋ.

ನಿನ್ನ ಮೆಣಸಿನಕಾಯಿ


ಮಾರ್ಚ್ 19, ಆಸ್ಪತ್ರೆ

ತಮ್ಮಾ,

ದೊಡ್ಡ ಹಂದಿ ನಿನ್ನ ಭಾವ ಕಣೋ.

ತಮಾಷೆಗೆ ಹಾಕಿದ ಕಡ್ಡಿ ಅದು. ನೀನು ಪತ್ತೆ ಮಾಡಿ ನಗುತ್ತೀಯ ಅಂದುಕೊಂಡಿದ್ದೆ. ನಿನ್ನ ಉತ್ತರ ಓದಿದ ಮೇಲೆ ಹೇಳಲು ಬಾಯಿ ಬರಲಿಲ್ಲ. ಇವರಿಗೂ ನಾಚಿಕೆ. ನನ್ನ ಮೂಗನ್ನು ಅವನ ಕಚೇರಿಯವರೆಲ್ಲ ನೋಡಿದರಾ, ಹೇಳಬೇಡ ಮಾರಾಯ್ತಿ ಅಂದರು. ಗಾಯ ವಾಸಿಯಾಗುತ್ತದೆ, ಆಮೇಲೆ ಹೇಳಿ ನಗೋಣ ಅಂತ ಸುಮ್ಮನಿದ್ದೆ. ಮೂರು ದಿನದ ಹಿಂದೆ ಜ್ವರ ಏರಿ ಮೈ ನಡುಗಲು ಶುರುವಾಯಿತು. ಇಲ್ಲಿಗೆ ತಂದಿದ್ದೇವೆ. ಊತ ಮುಂಗೈ ದಾಟಿದೆ. ಎರಡನೆಯ ಔಷಧಿಯೂ ಹಿಡಿಯಲಿಲ್ಲ. ಇಲ್ಲಿ ಪರೀಕ್ಷೆಗೆ ಕಳಿಸಿದ್ದಾರೆ, ಫಲಿತಾಂಶ ಬರಲು ಇನ್ನೂ ಮೂರು ದಿನವಂತೆ.

ನಿನ್ನ ಕಾಗದವನ್ನು ಪಕ್ಕದ ಫಾರಂನವರು ಮನೆಯಿಂದ ಇಲ್ಲಿಗೆ ತಂದುಕೊಟ್ಟರು. ಮಂಚದ ಪಕ್ಕ ಕೂತು ಒಡೆದೆ. ಇವರು ಓದು ಅಂದರು. ನಾನು ಜೋರಾಗಿ ಓದುತ್ತಾ ಹೋದೆ. ಒಂದು ಸೂಜಿಯಲ್ಲಿ ಮುಗಿಸಿಬಿಡು ಅನ್ನುವಲ್ಲಿಗೆ ಬಂದಾಗ ನಾಲಿಗೆ ನಿಂತುಹೋಯಿತು. 'ಯಾಕೆ ನಿಲ್ಲಿಸಿದೆ? ಏನಂತೆ?' ಅಂದರು. ಎಲ್ಲರಿಗೂ ನಮಸ್ಕಾರ ಹೇಳಿದ್ದಾನೆ ಅಂದೆ.

ಬೆಳಿಗ್ಗೆ ನಿನ್ನ ಮೊಬೈಲು ಹತ್ತದೆ ಕಚೇರಿಗೆ ಫೋನು ಮಾಡಿದೆ. ನೀನು ಮಾದರಿ ತರಲು ಹೊರಗೆ ಹೋಗಿದ್ದೆಯಂತೆ. ಯಾರೋ ಒಬ್ಬರು ಎತ್ತಿದರು. ಅಳುವಿನಲ್ಲಿ ಏನು ಹೇಳುತ್ತಿದ್ದೇನೆ ಅಂತಲೇ ನನಗೆ ತಿಳಿಯಲಿಲ್ಲ. ಅವರ ಅಕ್ಕನ ದೊಡ್ಡ ಹಂದಿ ಆಸ್ಪತ್ರೆಯಲ್ಲಿದೆ ಅಂತ ಹೇಳಿ ಅಂದುಬಿಟ್ಟೆ. ಆತ ನಕ್ಕು ಆಯಿತು ಅಂದ. ಅದಕ್ಕೇ ಈ ಕಾಗದವನ್ನು ನಿಮ್ಮ ಊರಿಗೆ ಹೋಗುವ ಔಷಧಿ ವ್ಯಾನಿನವನ ಕೈಲಿ ಕೊಟ್ಟಿದ್ದೇನೆ. ಆ ಎರಡು ಹೆಸರು ಹೇಳು. ಅವರನ್ನು ಉಳಿಸಿಕೊಡು.


ಮಾರ್ಚ್ 21

ಅಕ್ಕಾ,

ನಿನ್ನೆ ಫೋನಿನಲ್ಲಿ ನಾವಿಬ್ಬರೂ ಅತ್ತಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಜಗಳವೇ ವಾಸಿಯಿತ್ತು. ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತೇನೆ.

ಮೊನ್ನೆ ಕಚೇರಿಗೆ ಬಂದಾಗ ನನ್ನ ಮೇಜಿನ ಮೇಲೆ ಒಂದು ಚೀಟಿ ಇತ್ತು. ಮಂಚದ ಮೇಲೆ ಹೊದ್ದು ಮಲಗಿದ ಹಂದಿಯ ಚಿತ್ರ. ಕೆಳಗೆ 'ನಿಮ್ಮಕ್ಕನ ದೊಡ್ಡ ಹಂದಿ ಆಸ್ಪತ್ರೆಗೆ ಸೇರಿದೆ, ಹಣ್ಣು ತಗೊಂಡು ಹೋಗಿ' ಅಂತ ನಿನ್ನ ಫೋನು ಎತ್ತಿದವನು ಬರೆದಿದ್ದ. ನಾನೂ ಬಿದ್ದು ಬಿದ್ದು ನಕ್ಕೆ ಅಕ್ಕಾ. ಆ ಚೀಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಪಿನ್ನು ಹೊಡೆದೆ. ನಿನ್ನೆ ವ್ಯಾನಿನವನು ಬಂದು ಕಾಗದ ಕೊಟ್ಟಾಗ ಅದು ಅಲ್ಲೇ ನೇತಾಡುತ್ತಿತ್ತು. ಮೊದಲ ಸಾಲು ಓದಿದವನೇ ಎದ್ದು ಆ ಚೀಟಿಯನ್ನು ಕಿತ್ತೆ. ಮೇಡಂ ಬಂದು ಕೈಯಿಂದ ಕಾಗದ ತೆಗೆದುಕೊಂಡು ಓದಿ, ಅವರೇ ಆಸ್ಪತ್ರೆಯ ನಂಬರು ಒತ್ತಿದರು.

ಎರಡು ಔಷಧಿಯ ಹೆಸರನ್ನೂ ಡಾಕ್ಟರಿಗೆ ಅಕ್ಷರ ಅಕ್ಷರ ಬಿಡಿಸಿ ಹೇಳಿದ್ದೇನೆ, ತಟ್ಟೆಯ ಫೋಟೋ ಕೂಡ ಕಳಿಸಿದ್ದೇನೆ. ಅವರ ಪರೀಕ್ಷೆ ಮುಗಿಯುವವರೆಗೆ ಕಾಯಲಿಲ್ಲ. ಸಾಯಂಕಾಲವೇ ಹಾಕಿದರು. ನಿನ್ನ ತಮಾಷೆಯ ಕಡ್ಡಿ ಇಲ್ಲದಿದ್ದರೆ ಇನ್ನೂ ಎರಡು ದಿನ ತಪ್ಪು ಔಷಧಿಯೇ ಹೋಗುತ್ತಿತ್ತು.

ಆಮೇಲೆ ನಿನ್ನ ಮೊದಲ ಕಾಗದ ತೆಗೆದು ಓದಿದೆ. ಸೀನಿತಂತೆ, ಗುರಾಯಿಸಿತಂತೆ, ಕನ್ನಡಕ ಹುಡುಕಿತಂತೆ. ಯಾವ ಹಂದಿ ಕನ್ನಡಕ ಹುಡುಕುತ್ತದೆ? ನಾನು ನಿನ್ನ ಕಾಗದ ಓದಿರಲೇ ಇಲ್ಲ. ಅದರಲ್ಲಿದ್ದ ನಂಬರುಗಳನ್ನು ಮಾತ್ರ ಓದಿದ್ದೆ. ಭಾವನನ್ನು ಕೊಲ್ಲಿಸು ಅಂತ ಈ ಕೈಯಲ್ಲೇ ಬರೆದೆ. ಸುಣ್ಣ ಸುರಿ ಅಂತ ಬರೆದೆ.

ಭಾವನ ಮುಖ ನೋಡುವ ಧೈರ್ಯ ನನಗಿಲ್ಲ. ಆದರೂ ಬರಲಾ?

ತಮ್ಮ


ಏಪ್ರಿಲ್ 4

ತಮ್ಮನಿಗೆ,

ಬರಬೇಡ, ಈಗ ಬೇಡ. ಮನೆಗೆ ಬಂದಿದ್ದೇವೆ. ಜೀವ ಉಳಿಯಿತು. ಮೂರನೆಯ ದಿನ ಜ್ವರ ಇಳಿದು ಗಂಜಿ ಕೇಳಿದರು. ಆ ಗಂಜಿ ಕಲೆಸುವಾಗ ನಾನು ಅರ್ಧ ಮಂಚದ ಮೇಲೆ ಚೆಲ್ಲಿದ್ದು ನೋಡಿ ನರ್ಸಮ್ಮ ಬಟ್ಟಲು ಇಸಿದುಕೊಂಡು ತಾನೇ ಉಣಿಸಿದಳು.

ತೋರುಬೆರಳು, ನಡುಬೆರಳು ಹೋದವು. ಬಲಗೈಯವು. ಮೂಳೆಗೆ ಇಳಿದಿತ್ತಂತೆ. ಇನ್ನೂ ನಾಲ್ಕು ದಿನ ಮೊದಲು ಸರಿಯಾದ ಔಷಧಿ ಬಿದ್ದಿದ್ದರೆ ಉಳಿಯುತ್ತಿತ್ತು ಅಂತ ಡಾಕ್ಟರು ಹೇಳಿದರು. ಆ ನಾಲ್ಕು ದಿನ ನನ್ನವು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದ ದಿನಗಳು. ಅದನ್ನು ನಿನ್ನ ತಲೆಗೆ ಹಾಕಿಕೊಳ್ಳಬೇಡ.

ಅವರು ಅಳಲಿಲ್ಲ. ಕಟ್ಟು ಬಿಚ್ಚಿದ ದಿನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ನಿಮ್ಮಪ್ಪ ಇದ್ದಿದ್ರೆ ಈಗ ಫೋರ್ಕು ಅನ್ನೋರು' ಅಂದರು. ನಾನು ನಗಬೇಕು ಅಂತ ಹೇಳಿದ್ದು. ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ.

ನಿನ್ನ ಮೇಡಂ ನನಗೆ ಫೋನು ಮಾಡಿದ್ದರು. ತುಂಬ ಮರ್ಯಾದಸ್ಥೆ. ಜಿಂಕ್ ಪುಡಿಯ ಒಂದು ಹಿಡಿಯನ್ನು ತೂಕ ಮಾಡಿ ಹೇಳಿ ಅಂದರು. ಮಾಡಿದೆ. ಮುನ್ನೂರ ಇಪ್ಪತ್ತು ಗ್ರಾಂ. ಅವರು ಇನ್ನೊಮ್ಮೆ ತೂಗಿಸಿದರು, ಅಷ್ಟೇ ಬಂತು. ಆಮೇಲೆ ಅಷ್ಟು ದೊಡ್ಡ ಕೈ ಯಾರದಮ್ಮ ಅಂತ ಕೇಳಿದರು. ಕೈಯಲ್ಲ ಮೇಡಂ, ಡಬ್ಬಿ ಅಂದೆ. ನಮ್ಮ ಮನೆಯಲ್ಲಿ ಹಿಡಿ ಅಂದರೆ ಎಣ್ಣೆ ಡಬ್ಬಿ ಕತ್ತರಿಸಿ ಮಾಡಿದ 'ಅಪ್ಪನ ಹಿಡಿ'. ಆ ಡಬ್ಬಿಯ ಕಥೆ ನಿನಗೆ ಗೊತ್ತಿದೆ ಅಂದುಕೊಂಡಿದ್ದೆ. ಅದಕ್ಕೇ ಬಿಡಿಸಿ ಬರೆಯಲಿಲ್ಲ.

ಜಿಂಕ್ ಯಾವ ತಪ್ಪು ಮಾಡಿತು? ಮರಿಗಳ ಭೇದಿ ನಿಲ್ಲಿಸಿತಲ್ಲ? ನನಗೆ ಅರ್ಥವಾಗುವ ಹಾಗೆ ಬರಿ. ಮೇಡಂ ಹೇಳಿದ್ದರಲ್ಲಿ ಅರ್ಧ ತಿಳಿಯಲಿಲ್ಲ.

ಅಕ್ಕ


ಏಪ್ರಿಲ್ 12

ಅಕ್ಕಾ,

ಎಂಟು ಪಟ್ಟು. ನಾನು ಮೇಡಂ ಕೈಯನ್ನು ತೂಗಿದೆ, ನೀವು ಡಬ್ಬಿ ಸುರಿದಿರಿ. ಅದೂ ಹಾಲು ಬಿಡಿಸಿದ ಎರಡು ವಾರಕ್ಕಲ್ಲ, ಮರಿಗಳು ಬೆಳೆಯುವವರೆಗೂ, ನಾಲ್ಕು ವರ್ಷ.

ನಿನಗೆ ಅರ್ಥವಾಗುವ ಹಾಗೆ ಬರೆಯುತ್ತೇನೆ. ನನಗೂ ಈಗಷ್ಟೇ ಅರ್ಥವಾಗುತ್ತಿದೆ. ಅಷ್ಟು ಸತು ಬಿದ್ದರೆ ಹೆಚ್ಚಿನ ಬ್ಯಾಕ್ಟೀರಿಯಾ ಸಾಯುತ್ತವೆ. ಅದಕ್ಕೇ ಭೇದಿ ನಿಂತಿದ್ದು. ಆದರೆ ಕೆಲವಕ್ಕೆ ಸತುವನ್ನು ಹೊರಗೆ ನೂಕುವ ವಿದ್ಯೆ ಗೊತ್ತು. ಅವು ಉಳಿದು, ಖಾಲಿಯಾದ ಜಾಗವನ್ನೆಲ್ಲ ಹಿಡಿದುಕೊಂಡವು. ಆ ವಿದ್ಯೆ ಅವುಗಳೊಳಗೆ ಒಂಟಿಯಾಗಿ ಇರುವುದಿಲ್ಲ ಅಕ್ಕಾ. ಅಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಬೀಗದಕೈ ಗೊಂಚಲಿನ ಹಾಗೆ. ಒಂದು ಕೀಲಿ ಬೇಕು ಅಂದರೆ ಇಡೀ ಗೊಂಚಲೇ ಜೊತೆಗೆ ಬರಬೇಕು. ಸತುವಿನಿಂದ ಉಳಿಯುವ ಕೀಲಿ ಇದ್ದ ಗೊಂಚಲಿನಲ್ಲೇ ಔಷಧಿಯಿಂದ ಉಳಿಯುವ ಕೀಲಿಯೂ ಇತ್ತು. ನೀನು ಪುಡಿ ಹಾಕಿದ ಪ್ರತಿ ದಿನವೂ ಆ ಗೊಂಚಲು ಇದ್ದವೇ ಉಳಿದವು. ಒಂದು ಮಾತ್ರೆಯನ್ನೂ ಕೊಡದೆ, ಮಾತ್ರೆಗೆ ಬಗ್ಗದವನ್ನೇ ನಾವು ಸಾಕಿದೆವು. ಅವು ಮರಿಯ ಮೂಗಿನಿಂದ ಭಾವನ ಮೂಗಿಗೆ, ಅಲ್ಲಿಂದ ಬೆರಳಿಗೆ ಹೋದವು.

ಇದನ್ನು ನನಗೆ ಮೇಡಂ ಹೇಳಿಕೊಡಬೇಕಾಯಿತು. ಹದಿಮೂರು ವರ್ಷದಿಂದ ಇದೇ ಮೇಜಿನ ಮುಂದೆ ಕೂತಿದ್ದೇನೆ. ಸತು ಎಲ್ಲಿ, ಔಷಧಿ ಎಲ್ಲಿ ಅಂತ ನಕ್ಕವನು ನಾನು.

ಪುಡಿಯನ್ನು ಒಂದೇ ಸಲ ನಿಲ್ಲಿಸಬೇಡಿ. ಮೇಡಂ ಒಂದು ಪಟ್ಟಿ ಕಳಿಸುತ್ತಾರೆ, ಅದರ ಪ್ರಕಾರ ಇಳಿಸುತ್ತಾ ಬನ್ನಿ. ಮರಿಗಳನ್ನು ಇನ್ನೂ ಒಂದು ವಾರ ತಾಯಿಯ ಹತ್ತಿರವೇ ಬಿಡಿ. ನೆಲ ಒಣಗಿರಲಿ.

ನನಗೆ ಒಂದೇ ವಿಷಯ ತಿಳಿಯಬೇಕು. ಅದು ಬರೀ ಲೋಹ, ಬೇಕಾದಷ್ಟು ಸುರಿಯಿರಿ ಅಂತ ನಿಮಗೆ ಹೇಳಿದವನು ಯಾರು? ಪುಡಿ ಮಾರುವ ಅಂಗಡಿಯವನು ತಾನೆ? ಅವನ ಹೆಸರು ಬರೆದು ಕಳಿಸು. ಭಾವನ ಎರಡು ಬೆರಳಿಗೆ ಅವನು ಉತ್ತರ ಹೇಳಲಿ. ಏನೂ ತಿಳಿಯದೆ ದೊಡ್ಡ ಪಂಡಿತನ ಹಾಗೆ ಸಲಹೆ ಕೊಡುವ ಇಂಥವರನ್ನು ಕಂಡರೆ ನನ್ನ ರಕ್ತ ಕುದಿಯುತ್ತದೆ. ಅವನನ್ನು ನಾನು ಸುಮ್ಮನೆ ಬಿಡುವುದಿಲ್ಲ.

ತಮ್ಮ


ಏಪ್ರಿಲ್ 20

ನನ್ನ ಮೆಣಸಿನಕಾಯಿಗೆ,

ಅಂಗಡಿಯವನನ್ನು ಬೈಯಬೇಡ. ಅವನು ಪಾಪ, ಚೀಲದ ಮೇಲೆ ಬರೆದಷ್ಟೇ ಹಾಕಿ ಅಂದಿದ್ದ. ನಾವು ಕೇಳಲಿಲ್ಲ.

ಸೋಮವಾರ ಕಪ್ಪು ಹಂದಿಯ ತಂಗಿ ಮರಿ ಹಾಕಲು ಮಲಗಿತು. ಮೊದಲನೆಯದೇ ಅಡ್ಡ. ಪಶುವೈದ್ಯರು ಬೇರೆ ಊರಿಗೆ ಹೋಗಿದ್ದರು. ಇವರು ಅಭ್ಯಾಸದ ಮೇಲೆ ತೋಳು ಮಡಿಸಿ ಎಣ್ಣೆ ಸವರಿಕೊಂಡರು. ಸವರಿಕೊಂಡು ಕೈಯನ್ನು ನೋಡುತ್ತಾ ನಿಂತುಬಿಟ್ಟರು. ಮೂರು ಬೆರಳಲ್ಲಿ ಮರಿಯ ಕಾಲು ಹಿಡಿಯಲು ಆಗುವುದಿಲ್ಲ, ಎಡಗೈಗೆ ಆ ಪಳಗಿಕೆ ಇಲ್ಲ. ನಾನು ಹಾಕಿದೆ. ನನಗೆ ಬಂದಿರುವುದು ಅಪ್ಪನ ದೊಡ್ಡ ಕೈ ಕಣೋ, ಪೂರ್ತಿ ಒಳಗೆ ಹೋಗಲಿಲ್ಲ. ಇವರು ನನ್ನ ಪಕ್ಕ ಮಂಡಿಯೂರಿ ಕೂತು ಎಡಕ್ಕೆ ತಿರುಗಿಸು, ಈಗ ಮೆಲ್ಲಗೆ, ಮೆಲ್ಲಗೆ ಅಂತ ಹೇಳುತ್ತಲೇ ಇದ್ದರು. ತಾಯಿಯೂ ಉಳಿಯಲಿಲ್ಲ, ಮರಿಗಳೂ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಅಳದವರು ಅವತ್ತು ಆ ಹಂದಿಯ ಹೊಟ್ಟೆಗೆ ತಲೆಯಿಟ್ಟು ಅತ್ತರು.

ಆಮೇಲೆ ಹೋಗಿ ಗೇಟಿನ ಬೋರ್ಡನ್ನು ತೆಗೆದರು. ನಾನು ಫೀಡ್ ಕೋಣೆಗೆ ಹೋಗಿ ಗೋಡೆಯ ಮೇಲಿನ ನಿನ್ನ ಕಾಗದ ಬಿಚ್ಚಿದೆ. ಇದನ್ನು ಕಳಿಸಬೇಡ, ಅವನು ತಡೆದುಕೊಳ್ಳುವುದಿಲ್ಲ ಅಂತ ಇವರು ಎರಡು ಸಲ ಹೇಳಿದರು. ನಾಲ್ಕು ವರ್ಷ ಇವರು ದಿನಾ ಬೆಳಿಗ್ಗೆ ಇದರ ಮುಂದೆ ನಿಂತೇ ಪುಡಿ ಅಳೆದವರು. ಆದರೂ ನಿನ್ನ ಪರವಾಗಿಯೇ ಮಾತಾಡುತ್ತಾರೆ. ಒಂದು ಸಲ ಬಾಯಿ ಮುಚ್ಚಿಕೊಂಡು ಏನಾಯಿತು ಅಂತ ನೋಡಿದ್ದೇನೆ. ಇನ್ನೊಂದು ಸಲ ಮುಚ್ಚಿಕೊಳ್ಳುವುದಿಲ್ಲ. ಓದಿ ಆದ ಮೇಲೆ ಹೊರಟು ಬಾ. ಇವರು ನಿನಗಾಗಿ ದಾರಿ ನೋಡುತ್ತಿದ್ದಾರೆ, ನಾನೂ.

ಅಕ್ಕ

(ಜೊತೆಗಿದ್ದ ಹಳೆಯ ಕಾಗದ. ನಾಲ್ಕು ಮೂಲೆಗಳಲ್ಲೂ ಮೊಳೆಯ ತೂತು.)

ಮೇ 3

ಪ್ರೀತಿಯ ಅಕ್ಕಾ,

ಔಷಧಿ ಎಲ್ಲ ವಾಪಸು ಕೊಟ್ಟಿರಿ ಅಂತ ಓದಿ ತುಂಬ ಖುಷಿಯಾಯಿತು. ಭೇದಿಗೆ ಜಿಂಕ್ ಪುಡಿ ಹಾಕಬಹುದಾ ಅಂತ ಕೇಳಿದ್ದೀಯ. ಧಾರಾಳವಾಗಿ ಹಾಕು. ಅದು ಔಷಧಿಯಲ್ಲ, ಬರೀ ಲೋಹ. ಚೀಲದ ಮೇಲೆ ಬರೆದ ಅಳತೆಗೆಲ್ಲ ತಲೆ ಕೆಡಿಸಿಕೊಳ್ಳಬೇಡ, ಜಾಸ್ತಿಯಾದರೆ ಏನೂ ಆಗುವುದಿಲ್ಲ. ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವನು ನಾನು, ನನ್ನ ಮಾತು ನಂಬು. ಒಂದೇ ಒಂದು ಎಚ್ಚರಿಕೆ: ಭಾವನ ಆ ಚಮಚದಂಥ ಕೈಯಲ್ಲಿ ಮಾತ್ರ ಅಳೆಸಬೇಡ, ಮರಿಗಳಿಗೆ ಸಾಲದು. ಯಾವುದಾದರೂ ಎಣ್ಣೆ ಡಬ್ಬಿ ಕತ್ತರಿಸಿ, ಅಪ್ಪನ ಹಿಡಿ ಅಂತ ಹೆಸರಿಟ್ಟು, ತುಂಬ ತುಂಬ ಹಾಕಿಸು.

ನಿನ್ನ ಮೆಣಸಿನಕಾಯಿ